ನಮ್ಮ ಓಣಿಯ ಹೊಸ ಪ್ಲೇಟಿನ ವಿಷಯವಾಗಿ

ಸಂಗೀತದ ವಿಷಯದಲ್ಲಿ ಅಭಿಪ್ರಾಯ ಕೊಡುವ ಅಧಿಕಾರ ನನಗಿಲ್ಲವೆಂಬ ಸಂಗತಿಯನ್ನು ಮೊದಲಿಗೇ ವಾಚಕರ ಅವಗಾಹನೆಗೆ ತರುವುದು ನನ್ನ ಕರ್ತವ್ಯವೆಂದು ತಿಳಿಯುತ್ತೇನೆ. ರಾಗಗಳ ಹೆಸರು ನನಗೆ ತಿಳಿಯದು. ಯಾರಾದರೂ ಹಾಡುತ್ತಿದ್ದರೆ ತಲೆ ತೂಗುತ್ತೇನೆ, ನಿಜ. ಆದರೆ ಮಗ್ಗುಲಲ್ಲಿ ಕುಳಿತವರು ತೂಗುವುದನ್ನು ಕಡೆಗಣ್ಣಿನಿಂದ ನೋಡಿಕೊಂಡು, ಅವರಿಗಿಂತ ತುಸು ತಡವಾಗಿ ತೂಗುತ್ತೇನೆ. ಹೀಗಿರುವಲ್ಲಿ ಹಾಡಿನ ಬಗೆಗೆ ಬರೆಯಲು ಕುಳಿತಿರುವುದು ಅಧಿಕಪ್ರಸಂಗವೆನಿಸಬಹುದು. ಅದಕ್ಕಾಗಿ ಕ್ಷಮೆಯನ್ನು ಮುಂಗಡವಾಗಿಯೇ ಬೇಡುತ್ತೇನೆ.

ಎರಡನೆಯ ಅರಿಕೆಯೂ ಒಂದಿದೆ. ನಾನು ರೋಣದ ತಾಲೂಕು ಕಚೇರಿಯಲ್ಲಿ ಕಾರಕೂನ. ಬಂದ ಕಾಗದಗಳಿಗೆ ಉತ್ತರದ ಕರಡು ತಯಾರಿಸುವುದು, ಕರಡಿನ ನಕಲು ತೆಗೆಯುವುದು, ಲಕೋಟೆಗಳ ಮೇಲೆ ಸಿಕ್ಕಾ ಒತ್ತುವುದು ಇವು ನನ್ನ ಉದ್ಯೋಗ. ಇದುವರೆಗೆ ನನ್ನ ಕೈಯಿಂದ ಹೊರಟ ಬರವಣಿಗೆಯೆಲ್ಲ ಮತ್ತೊಬ್ಬರ ಸಹಿಗಾಗಿ ಬರೆದದ್ದು. ನನ್ನ ಸಹಿಗೆಂದೇ ಬರೆಯುತ್ತಿರುವುದು ಇದೇ ಮೊದಲು. ನನ್ನ ಹೆಂಡತಿ ನೀಲವ್ವ ಮೊದಲ ಹಾಳೆಯನ್ನು ಕೇಳಿ, "ಇದೇನ್ರಿ, ಹಾಡಿನ ಸುದ್ದಿನೋ ಹೊಲದ ತಕರಾರಿನ ಸುದ್ದಿನೋ? ಮನಿ ಮಂದಿಗೆ ಹೇಳಿದಂಗ ಬರೀರಲ್ಲ," ಎಂದಳು. ಹಾಗೆ ಬರೆದೂ ನೋಡಿದೆ. ಎರಡನೆಯ ಸಾಲಿನಲ್ಲಿಯೇ "ಸದರಿ" ಎಂಬ ಶಬ್ದ ಕರೆಯದೆ ಬಂದು ಕುಳಿತಿತು. ಅದನ್ನು ಎಬ್ಬಿಸಿದರೆ ಆ ಜಾಗದಲ್ಲಿ "ಮೇಲೆ ಕಾಣಿಸಿದ" ಎಂಬುದು ಬಂದಿತು. ಕೊನೆಗೆ, ಇರಲಿ, ಮೈಗೆ ಒಗ್ಗಿದ ಅಂಗಿಯಲ್ಲಿಯೇ ಮದುವೆಗೆ ಹೋಗುವುದು ಲೇಸೆಂದು ಸುಮ್ಮನಾದೆ.

ಇನ್ನು ಸದರಿ ವಿಷಯ.

ನಾನು ಹುಟ್ಟಿದ್ದು ಗಜೇಂದ್ರಗಡದ ನೇಕಾರರ ಓಣಿಯಲ್ಲಿ. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ದೋಷದಿಂದ ಮಗ್ಗ ಬಿಟ್ಟು ಕಚೇರಿಗೆ ಬಂದೆ. ಆ ಓಣಿಯಲ್ಲಿ ಬೆಳೆದವನಿಗೆ ಮಗ್ಗದ ಸದ್ದು ಸದ್ದೆಂದು ತೋರುವುದಿಲ್ಲ. ಹಗಲು ಎಂದರೆ ಹಾಗೆಯೇ ಇರುತ್ತದೆಂದು ತಿಳಿದಿರುತ್ತಾನೆ. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಅದನ್ನು ಬಿಟ್ಟರೆ ಹಗಲು ಹೊತ್ತಿನಲ್ಲಿ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುವುದು ಒಂದೇ ಕಾರಣಕ್ಕೆ: ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಹೆಣ ಓಣಿ ದಾಟುವವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ. ಈ ಪದ್ಧತಿಯನ್ನು ವಾಚಕರು ದಯಮಾಡಿ ನೆನಪಿನಲ್ಲಿಡಬೇಕು; ಮುಂದೆ ಇದರ ಅವಶ್ಯಕತೆ ಬೀಳುವುದು.

ಓಣಿಗೆ ಒಂದು ಭಜನಾ ಮೇಳವಿದೆ. ಸೋಮವಾರ ದೀಪ ಹಚ್ಚುವ ಹೊತ್ತಿಗೆ ಗುಡಿಯಲ್ಲಿ ಕೂಡುವುದು, ಹಾಡುವುದು. ಹಾಡುವವನು ನನ್ನ ಚಿಗವ್ವನ ಮಗ ಶಂಕ್ರಣ್ಣ. ತಾಳ ಹಾಕುವವರು ಮಾನಪ್ಪ ಕಾಕಾ. ಶಂಕ್ರಣ್ಣನಿಗೆ ಹಾಡು ಕಲಿಸಿದವರೂ, ಮಗ್ಗದ ಕುಣಿಯಲ್ಲಿ ಇಳಿಸಿ ನೇಯಲು ಕಲಿಸಿದವರೂ ಈ ಕಾಕಾನೇ. ನಮ್ಮ ಮೇಳದಲ್ಲಿ ಹಾಡು ಎತ್ತುವುದು ಹಾಡುಗಾರನ ಕೆಲಸ, ಮುಗಿಸುವುದು ತಾಳದವನ ಅಧಿಕಾರ. ಕಾಕಾನಿಗೆ ಖುಷಿಯಾದರೆ ಒಂದು ನುಡಿಯನ್ನು ಹತ್ತೆಂಟು ಸಾರಿ ತಿರುಗಿಸುತ್ತಿದ್ದರು. ಕೇಳುವವರೂ ಹಿಂದೆ ದನಿಗೂಡಿಸುತ್ತ ಊಟದ ಚಿಂತೆ ಮರೆಯುತ್ತಿದ್ದರು. ಕಾಕಾ ತಾಳವನ್ನು ಎದೆಗೆ ಒತ್ತಿ ಹಿಡಿದರೆಂದರೆ ಹಾಡು ಮುಗಿಯಿತು.

ಹೀಗಿರುವಾಗ, ಗ್ರಾಮಾಫೋನಿನ ಪ್ಲೇಟು ಮಾಡುವ ಒಂದು ಕಂಪನಿಯವರು ಹುಬ್ಬಳ್ಳಿಗೆ ಬಂದು ಬಿಡಾರ ಹೂಡಿದರು. ಯಾರೋ ಹೇಳಿದ ಮೇರೆಗೆ ನಮ್ಮ ಮೇಳಕ್ಕೂ ಕರೆ ಬಂದಿತು. ಮೇಳದವರೆಲ್ಲ ಹೊಸ ಧೋತರ ಉಟ್ಟು ಹೋದರು. ಅಲ್ಲಿ ಹೋದ ಮೇಲೆ ತಿಳಿದ ಸಂಗತಿಯೆಂದರೆ, ಪ್ಲೇಟಿನ ಒಂದು ಮೈಯಲ್ಲಿ ಹಿಡಿಸುವ ಹಾಡು, ಎಲೆ ಅಡಿಕೆ ಬಾಯಿಗೆ ಹಾಕಿ ಉಗುಳುವಷ್ಟರಲ್ಲಿ ಮುಗಿಯತಕ್ಕದ್ದು. ಇನ್ನೊಂದು, ತಾಳದ ಸದ್ದು ಯಂತ್ರಕ್ಕೆ ತಡೆಯದು. ಅವರು ಒಳ್ಳೆಯ ಮಾತಿನಲ್ಲಿಯೇ ಹೇಳಿದರಂತೆ. ತಾಳದ ಬದಲು ಅವರದೇ ತಬಲಾ, ಅವರದೇ ಕ್ಲಾರಿನೆಟ್ಟು. ಮಾನಪ್ಪ ಕಾಕಾ ತಾಳವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕುಳಿತರು. ಒಳಗೆ ಬಾಗಿಲು ಹಾಕಿ ಹಾಡಿಸಿದರು. ಒಂದು ಮೈಗೆ ಮೊದಲಿನಿಂದ ಹಾಡುತ್ತಿದ್ದ ಹಳೆಯ ಪದ, ಇನ್ನೊಂದು ಮೈಗೆ ಶಂಕ್ರಣ್ಣನೇ ಕಟ್ಟಿದ ಹೊಸ ಪದ.

ಊರಿಗೆ ಬಂದ ಮೇಲೆ ಕಾಕಾ ತಾಳವನ್ನು ಗೂಟಕ್ಕೆ ತೂಗುಹಾಕಿದರು. ಜಗಳವಾಡಲಿಲ್ಲ, ಸಿಟ್ಟೂ ತೋರಿಸಲಿಲ್ಲ. ಸೋಮವಾರ ಮಾತ್ರ ಬರಲಿಲ್ಲ. ಕರೆಯಲು ಹೋದರೆ, "ಕೈ ಜೋಮು ಹಿಡದಾವಪಾ," ಎಂದರಂತೆ. ಅದೇ ಕೈ ಹಗಲೆಲ್ಲ ನೂಲನ್ನು ಒತ್ತಿ ಬಡಿಯುವ ಮಗ್ಗದ ಹಲಗೆ ಎಳೆಯುತ್ತಿದ್ದುದನ್ನು ಓಣಿಯೇ ಕೇಳುತ್ತಿತ್ತು.

ಕಾಕಾ ಇಲ್ಲದ ಸೋಮವಾರಗಳಲ್ಲಿ ಶಂಕ್ರಣ್ಣ ಹಾಡಲು ಕುಳಿತು, ನಡುವೆ ನಿಲ್ಲಿಸಿ ಏಳತೊಡಗಿದ. ಬರಬರುತ್ತ ಗುಡಿಯಲ್ಲಿ ದೀಪ ಮಾತ್ರ ಉಳಿಯಿತು. ಪ್ಲೇಟು ಕೈಗೆ ಬಂದಾಗ ಅವನು ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ರೋಣಕ್ಕೆ, ನಮ್ಮ ಮನೆಗೆ ಬಂದ. ಸ್ವತಃ ಕೇಳಿರಲಿಲ್ಲ. ನಮ್ಮ ಓಣಿಯಲ್ಲಿ ಗ್ರಾಮಾಫೋನು ಇರಲಿಲ್ಲ. ಇದ್ದರೂ ಕೇಳುತ್ತಿರಲಿಲ್ಲವೆಂದು ಕಾಣುತ್ತದೆ.

"ತಮ್ಮಾ, ನರಗುಂದದಾಗ ನಿಮ್ಮ ಮಾವನ ಮನ್ಯಾಗ ಪೆಟಗಿ ಐತೆಲ್ಲಾ, ಅದನ್ನ ತಂದು ಓಣ್ಯಾಗ ಹಚ್ಚು. ಕಾಕಾನ ಕಿವಿಗೆ ಬಿದ್ದರ ಸಾಕು," ಎಂದ.

"ಅಮಾಸಿ ದಿನ ಹಚ್ಚೂಣು ಬಿಡಣ್ಣ. ಎಲ್ಲಾರೂ ಪುರಸೊತ್ತಿಲೆ ಕೂತು ಕೇಳತಾರ."

"ಬ್ಯಾಡ. ಕೂತು ಕೇಳಿದ್ರ ತಪ್ಪು ಹುಡುಕತಾರ. ಕೆಲಸದಾಗ ಇದ್ದಾಗ ಹಚ್ಚು. ನಾ ಅವತ್ತ ಸೂಡ್ಯಾಗ ನಮ್ಮಕ್ಕನ ಮನಿಗೆ ಹೋಗಿರತೀನಿ."

"ನೀನ ಇರೂದಿಲ್ಲೇನು?"

"ಕಾಕಾ ಒಪ್ಪಲಿಲ್ಲಂದ್ರ ಎದುರಿಗೆ ಹ್ಯಾಂಗ ನಿಲ್ಲಲೋ? ಅವರಿಲ್ಲದ ನನಗ ಹಾಡು ಎತ್ತಾಕ ಬರತೈತಿ, ಮುಗಸಾಕ ಬರೂದಿಲ್ಲ."

ಈ ಮಾತನ್ನು ಅವನು ಗೋಡೆಯ ಕಡೆಗೆ ಮುಖ ಮಾಡಿ ಹೇಳಿದ. ನೀಲವ್ವ ಒಳಗಿನಿಂದ ಚಹಾ ತಂದಿಟ್ಟವಳು ಕಪ್ಪನ್ನು ಅವನ ಹತ್ತಿರ ಸರಿಸಿ ಒಳಗೆ ಹೋದಳು. ಪ್ರಕರಣ ನನ್ನ ಮೇಜಿಗೆ ಬಂದಂತಾಯಿತು.

ಮುಂದಿನ ರಜೆಗೆ ನಾವಿಬ್ಬರೂ ನರಗುಂದಕ್ಕೆ ಹೋದೆವು. ನನ್ನ ಮಾವನವರದು ಗುಡ್ಡದ ಕೆಳಗಿನ ಪೇಟೆಯಲ್ಲಿ ಸೀರೆಯ ಅಂಗಡಿ. ಅವರು ನಾಟಕದ ಹಾಡುಗಳ ಭಕ್ತರು. ಗ್ರಾಮಾಫೋನು ಹಣದ ಗಲ್ಲೆಯ ಮಗ್ಗುಲಲ್ಲಿಯೇ ಇರುತ್ತದೆ. ಹಾಡು ಕೇಳಿ ಮನಸ್ಸು ಮೆತ್ತಗಾದ ಗಿರಾಕಿ ಸೀರೆಯ ದರಕ್ಕೆ ಜಗ್ಗಾಡುವುದಿಲ್ಲವೆಂದು ಅವರ ಅನುಭವ. ಕೀಲಿ ತಿರುಗಿಸಿ ನಮ್ಮ ಪ್ಲೇಟು ಹಚ್ಚಿದರು. ಶಂಕ್ರಣ್ಣನ ದನಿ ಆ ಪೆಟ್ಟಿಗೆಯಿಂದ ಹೊರಬಂದಾಗ ನನಗೆ, ನಮ್ಮ ಮನೆಯವನೊಬ್ಬನನ್ನು ಪರಊರಿನಲ್ಲಿ ಹೊಸ ಕೋಟು ತೊಟ್ಟವನಾಗಿ ಕಂಡಂತೆ ಆಯಿತು. ಗುರುತು ಸಿಕ್ಕಿತು, ಆದರೆ ಮಾತಾಡಿಸಲು ಸಂಕೋಚ.

ಮಾವನವರು ಎರಡೂ ಮೈ ಕೇಳಿ ತೀರ್ಪು ಕೊಟ್ಟರು. "ಅಳಿಯಂದ್ರ, ಹೊಸಾ ಪದಾ ಭಾಳ ಚಲೋ ಐತಿ. ಕ್ಲಾರಿನೆಟ್ಟು ನೋಡ್ರಿ ಹ್ಯಾಂಗ ಬಳಕತೈತಿ! ಆ ತಾಳದ ಗದ್ದಲ ಇಲ್ಲದ್ದು ಇನ್ನೂ ಚಲೋ ಆತು. ಅಂಚು ಲಕ್ಷಣ ಐತಿ. ಸೆರಗು ಮಾತ್ರ ಗಿಡ್ಡ ಆತು ನೋಡ್ರಿ, ಇನ್ನಷ್ಟು ಬೇಕಾಗಿತ್ತು."

ತಾಳವಿಲ್ಲದ್ದು ಒಳಿತಾಯಿತೆಂಬ ಮಾತು ನನಗೆ ಸೇರಲಿಲ್ಲ. ಆದರೆ ಮಾವನವರ ಮನೆಯಲ್ಲಿ ಅಳಿಯನಾದವನು ಭಿನ್ನಾಭಿಪ್ರಾಯವನ್ನು ಊಟದ ನಂತರ ವ್ಯಕ್ತಪಡಿಸುವುದು ವಾಡಿಕೆ, ಊಟದ ನಂತರ ನಿದ್ದೆ ಬರುತ್ತದೆ.

ನೀಲವ್ವನಿಗೆ ಹೊಸ ಪದ ಹಿಡಿಸಲಿಲ್ಲ. ಅವಳು ಹಳೆಯದನ್ನು ಇನ್ನೊಮ್ಮೆ ಹಚ್ಚಿಸಿಕೊಂಡು, ಬಾಗಿಲ ಹತ್ತಿರ ಕೆನ್ನೆಗೆ ಕೈಹಚ್ಚಿ ಕೇಳಿದಳು. ಬಳಿಕ ನನಗೆ ಮಾತ್ರ ಕೇಳುವಂತೆ ಅಂದಳು: "ಶಂಕ್ರಣ್ಣಾರು ಇದರಾಗ ಯಾರನೋ ಹುಡುಕಾಕತ್ತಾರ್ರಿ. ದನಿ ಒಂದೀಟು ಮುಂದ ಹೋಗತೈತಿ, ಹಿಂದ ತಿರುಗಿ ನೋಡತೈತಿ."

ಪ್ಲೇಟು ಒಂದೇ, ಸೂಜಿ ಒಂದೇ, ಕೋಣೆಯೂ ಒಂದೇ. ತಂದೆ ಕೇಳಿದ್ದು ಬಳುಕುವ ಕ್ಲಾರಿನೆಟ್ಟು, ಮಗಳು ಕೇಳಿದ್ದು ತಿರುಗಿ ನೋಡುವ ದನಿ. ಕಚೇರಿಯಲ್ಲಿಯೂ ಇಂಥದೇ ನಡೆಯುತ್ತದೆ. ಒಂದೇ ಹುಕುಮನ್ನು ಓದಿ ಒಬ್ಬನು ತನಗೆ ಬಡ್ತಿ ಬಂದಿತೆಂದು ತಿಳಿಯುತ್ತಾನೆ, ಇನ್ನೊಬ್ಬನು ವರ್ಗವಾಯಿತೆಂದು ಗಾಬರಿಯಾಗುತ್ತಾನೆ. ಬರೆದವರು ಯಾವ ಅರ್ಥದಲ್ಲಿ ಬರೆದರೆಂದು ಕೇಳೋಣವೆಂದರೆ ಅವರು ರಜೆಯ ಮೇಲೆ ಇರುತ್ತಾರೆ. ಹುಕುಮಿಗಾದರೆ ಸ್ಪಷ್ಟೀಕರಣ ತರಿಸಬಹುದು. ಹಾಡಿಗೆ ಯಾರಿಂದ ತರಿಸುವುದು?

ಪೆಟ್ಟಿಗೆಯನ್ನು ಮಡಿಲಲ್ಲಿ, ಪ್ಲೇಟನ್ನು ನೀಲವ್ವನ ಸೀರೆಗಳ ನಡುವೆ ಇಟ್ಟುಕೊಂಡು ಸರ್ವಿಸ್ ಮೋಟಾರಿನಲ್ಲಿ ರೋಣಕ್ಕೆ ಬಂದೆವು. ದಾರಿಯುದ್ದಕ್ಕೂ ಎರೆಹೊಲದ ಗಾಲಿಜಾಡುಗಳ ಕುಲುಕುಗಳೆಲ್ಲ ಒಂದೊಂದಾಗಿ ನನ್ನ ಮಡಿಲಿಗೆ ಬಂದು ಸೇರಿದವು. ಸಂಜೆಯ ಹೊತ್ತಿಗೆ ನಮ್ಮ ಕಚೇರಿಯ ಹೆಡ್ ಕಾರಕೂನರಾದ ರಾಯರು ಸುದ್ದಿ ತಿಳಿದು ಮನೆಗೆ ಬಂದರು. ರಾಯರು ಶಾಸ್ತ್ರೀಯ ಸಂಗೀತದವರು. ದೊಡ್ಡ ಗವಾಯಿಗಳ ಬೈಠಕ್ಕಿಗೆಂದು ಧಾರವಾಡದವರೆಗೆ ಹೋಗಿ ಬರುವವರು. ಅವರು ಕಣ್ಣು ಮುಚ್ಚಿ ಹೊಸ ಪದವನ್ನು ಕೇಳಲು ಆರಂಭಿಸಿದರು. ಅವರು ಆಸನವನ್ನು ಸರಿಯಾಗಿ ಹೊಂದಿಸಿಕೊಳ್ಳುವುದರೊಳಗೆ ಹಾಡು ಮುಗಿಯಿತು.

"ಆತೇನ್ರಿ?" ಎಂದು ಕಣ್ಣು ತೆರೆದರು.

"ಆತ್ರಿ ರಾಯರ."

"ಇದು ಹಾಡಲ್ಲರಿ, ಹಾಡಿನ ತಾರು, ಟೆಲಿಗ್ರಾಮು. ತಾರಿನೊಳಗ ಸುದ್ದಿ ಬರ್ತದ, ಮನಶ್ಯಾ ಬರೂದಿಲ್ಲ. ರಾಗ ಇನ್ನೂ ಅಂಗಳದಾಗ ಕಾಲು ತೊಳೀಲಿಕ್ಕೆ ಹತ್ತಿತ್ತು, ನಿಮ್ಮಣ್ಣಾವರು ಬಾಗಲಾ ಹಾಕಿಬಿಟ್ರು!"

ಹೊಸದೆಲ್ಲದರ ಮೇಲೆಯೂ ರಾಯರಿಗೆ ಇದೇ ತಕರಾರು ಎಂಬುದನ್ನು ಗೌರವಪೂರ್ವಕವಾಗಿ ನಮೂದಿಸುತ್ತೇನೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮೇಲೆ ನಮ್ಮ ಕಚೇರಿಯ ಕಾಗದಗಳ ಧಾಟಿಯೂ ಬದಲಾಗುತ್ತಲಿದೆ. ಮಾಮಲೇದಾರರು ತಹಶೀಲ್ದಾರರಾದರು. ಮೈಸೂರಿನ ಕಡೆಯಿಂದ ಬರುವ ಕಾಗದಗಳ ಕನ್ನಡ ಕೇಳಿ ರಾಯರು, "ಈ ಕನ್ನಡಾ ಎಷ್ಟು ಸಪಾಟದ ಅಲ್ರೀ? ಏರಿಲ್ಲ, ಇಳುಕಲಿಲ್ಲ," ಎನ್ನುತ್ತಾರೆ. ಆ ಕಡೆಯವರೂ ನಮ್ಮ ಉತ್ತರಗಳನ್ನು ಓದಿ, ಇದು ಯಾವ ಕನ್ನಡವೆಂದು ಮುಖ ಮುಖ ನೋಡುತ್ತಿರಬಹುದು. ಕಾಗದಕ್ಕೂ ಒಂದು ಹಾಡಿನ ಧಾಟಿಯಿರುತ್ತದೆಂದೂ ಅದು ಬದಲಾದರೆ ಕಿವಿಗೆ ನೋವಾಗುತ್ತದೆಂದೂ ನನಗೆ ತಿಳಿದದ್ದು ಆಗ. ನನ್ನ ಮಟ್ಟಿಗೆ ಹೇಳುವುದಾದರೆ ನಾನು ಎರಡೂ ಧಾಟಿಗಳನ್ನು ಬೆರೆಸುತ್ತೇನೆ. ಇದರಿಂದ ಎರಡೂ ಕಡೆಯವರಿಗೆ ಸಮಾನ ಅಸಮಾಧಾನವಾಗುವುದರಿಂದ ಪಕ್ಷಪಾತದ ಆರೋಪ ಬರುವುದಿಲ್ಲ.

ಈ ಜಗಳ ಇಂದಿನದಲ್ಲ. ಸೂಡಿಯ ಹಳೆಯ ಗುಡಿಗೆ ಯಾರಾದರೂ ಹೋದರೆ ಕಲ್ಲಿನ ಕೆಲಸವನ್ನು ಸಾವಕಾಶ ನೋಡಬೇಕು. ಅಂಥ ಹಳೆಯ ಗುಡಿಗಳಲ್ಲಿ ಮದ್ದಳೆ ಬಾರಿಸುವವನು, ಅವನ ಮಗ್ಗುಲಲ್ಲಿ ತಾಳದವನು, ನಡುವೆ ಕುಣಿಯುವವಳು ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತಾರೆ. ಅವರೆಲ್ಲ ಯಾವ ಹಾಡಿನ ನಡುವೆ ಕಲ್ಲಾದರೋ ತಿಳಿಯದು. ಅಂದು ಅದೂ ಹೊಸ ಹಾಡೇ ಇದ್ದಿರಬೇಕು. ಯಾವನೋ ಮುದುಕ ಗುಡಿಯ ಮೆಟ್ಟಿಲಿಳಿಯುತ್ತ, ನಮ್ಮ ಕಾಲದ ಮದ್ದಳೆ ಹೀಗಿರಲಿಲ್ಲವೆಂದು ಮೂಗು ಮುರಿದಿರಬೇಕು. ಹಿಂದಿನವರು ಯಾರು ದೀಪದ ಎಣ್ಣೆಗೆ ಎಷ್ಟು ಭೂಮಿ ಬಿಟ್ಟರೆಂಬುದನ್ನು ಶಾಸನಗಳಲ್ಲಿ ಎಲ್ಲೆಯ ಗುರುತುಸಹಿತ ಕೊರೆಯಿಸಿದ್ದಾರೆ. ಹಾಡು ಯಾರಿಗೆ ಹಿಡಿಸಿತು, ಯಾರಿಗೆ ಹಿಡಿಸಲಿಲ್ಲವೆಂದು ಮಾತ್ರ ಕೊರೆಯಿಸಲಿಲ್ಲ. ಬರೆದವರು ನನ್ನಂಥ ಕಾರಕೂನರೇ ಇದ್ದಿರಬೇಕು. ಎಲ್ಲೆ ಗೊತ್ತಾಗದ ವಸ್ತುವನ್ನು ದಾಖಲೆಗೆ ತರಬಾರದೆಂದು ಬಿಟ್ಟಿರಬಹುದು.

ಇದೆಲ್ಲ ವಿಷಯಾಂತರ. ರಜೆ ಮಂಜೂರಾದ ದಿನ ನಾನು ಪೆಟ್ಟಿಗೆಯೊಡನೆ ಗಜೇಂದ್ರಗಡಕ್ಕೆ ಹೋದೆ. ಶಂಕ್ರಣ್ಣ ಆಡಿದಂತೆ ಬೆಳಿಗ್ಗೆಯೇ ಸೂಡಿಗೆ ಹೋಗಿಬಿಟ್ಟಿದ್ದ. ಓಣಿಯ ನಡುವೆ, ಮಾನಪ್ಪ ಕಾಕಾನ ಮನೆಯ ಎದುರಿಗೆ ಒಂದು ಕಟ್ಟೆಯಿದೆ. ಅದರ ಮೇಲೆ ಪೆಟ್ಟಿಗೆ ಇಟ್ಟು, ಕೀಲಿ ಕೊಟ್ಟು, ಹೊಸ ಪದವನ್ನು ಹಚ್ಚಿದೆ.

ಏನೂ ಕೇಳಲಿಲ್ಲ. ಎರಡೂ ಬದಿಯ ಮನೆಗಳಿಂದ ಬರುತ್ತಿದ್ದ ಮಗ್ಗದ ಸದ್ದಿನಲ್ಲಿ ಆ ಪೆಟ್ಟಿಗೆಯ ದನಿ ಸೊಳ್ಳೆಯ ದನಿಯಂತೆ ಆಯಿತು. ನಾನು ಬಾಗಿ ಅದಕ್ಕೆ ಕಿವಿಗೊಟ್ಟು ನಿಂತದ್ದನ್ನು ಕಂಡು ಎದುರು ಮನೆಯ ಗಂಗವ್ವ ನೂಲು ಸುತ್ತುವುದನ್ನು ಬಿಟ್ಟು ಹೊರಗೆ ಬಂದಳು.

"ಏನ್ರಿ ಕಾರಕೂನಪ್ಪಾರ, ಪೆಟಗ್ಯಾಗ ಯಾರಿಗೆ ಗುಟ್ಟು ಹೇಳಾಕತ್ತೀರಿ?"

"ಶಂಕ್ರಣ್ಣನ ಪ್ಲೇಟು ಬಂದೈತಿ ಗಂಗವ್ವಾ."

ಅವಳು ಒಳಗೆ ತಿರುಗಿ, "ಮಗ್ಗಾ ನಿಂದರಸರಿ! ಶಂಕ್ರಪ್ಪನ ಹಾಡು ಬಂದೈತಂತ!" ಎಂದು ಕೂಗಿದಳು. ಅವಳ ಗಂಡನ ಮಗ್ಗ ನಿಂತಿತು. ಅದರ ಬದಿಯದು ನಿಂತಿತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗಗಳು ಒಂದೊಂದಾಗಿ ಮೌನವಾದವು. ಜನ ಕೈ ಒರೆಸಿಕೊಳ್ಳುತ್ತ ಕಟ್ಟೆಯ ಸುತ್ತ ಕೂಡಿದರು. ಒಂದು ಮಗ್ಗ ಮಾತ್ರ ನಿಲ್ಲಲಿಲ್ಲ. ಅದು ಕಾಕಾನದು.

ಸೂಜಿಯನ್ನು ಹಿಂದಕ್ಕಿಟ್ಟು ಮತ್ತೆ ಮೊದಲಿನಿಂದ ಹಚ್ಚಿದೆ. ಶಂಕ್ರಣ್ಣ ಹಾಡಿದ. ಕಾಕಾನ ಮಗ್ಗ ಅದರ ಪಾಡಿಗೆ ಅದು ಬಡಿಯಿತು. ಹಾಡಿನ ಪೆಟ್ಟು ಒಂದು ಕಡೆಗೆ, ಮಗ್ಗದ ಪೆಟ್ಟು ಒಂದು ಕಡೆಗೆ. ಎರಡೆತ್ತಿನ ಗಾಡಿಯಲ್ಲಿ ಒಂದು ಓಡಲು ನೋಡಿ ಇನ್ನೊಂದು ಮೆಲ್ಲಗೆ ನಡೆದಂತೆ. ಯಾರೂ ಕಾಕಾನ ಬಾಗಿಲಿಗೆ ಹೋಗಿ ನಿಲ್ಲಿಸಿರೆಂದು ಹೇಳಲಿಲ್ಲ. ಅವರು ಯಾಕೆ ನಿಲ್ಲಿಸುತ್ತಿಲ್ಲವೆಂಬುದು ಕೂಡಿದವರಿಗೆಲ್ಲ ಗೊತ್ತಿತ್ತು.

ಹಾಡು ಮುಗಿದ ಮೇಲೆ ಅಲ್ಲಿಯೇ ಚರ್ಚೆ ಹತ್ತಿತು. ಪ್ರಾಯದವರಿಗೆ ಬಹಳ ಹಿಡಿಸಿತು. ಹಿರಿಯರೊಬ್ಬರು, "ಬೆನ್ನ ಹಿಂದ ನಾಯಿ ಬಿಟ್ಟಿದ್ರೇನಲೇ? ಇಷ್ಟ್ಯಾಕ ಓಡ್ಯಾನ?" ಎಂದರು. ಗಂಗವ್ವ ಹೇಳಿದ ಮಾತು ನನಗೆ ಈಗಲೂ ನೆನಪಿದೆ: "ಕೇಳಾಕ ಚಂದ ಐತ್ರಿ. ಆದ್ರ ನಾವು ದನಿ ಹಾಕೂದು ಎಲ್ಲಿ? ನಮಗ ಜಾಗಾನ ಬಿಟ್ಟಿಲ್ಲ."

ನಾನು ಪ್ಲೇಟು ತಿರುವಿ ಹಳೆಯ ಪದ ಹಚ್ಚಿದೆ. ಮೊದಲ ನುಡಿ ಮುಗಿದು ಶಂಕ್ರಣ್ಣನ ದನಿ ತುಸು ತಡೆಯಿತು. ನೀಲವ್ವ ಹೇಳಿದ್ದ ಜಾಗ ಅದು; ಭಜನೆಯಲ್ಲಾದರೆ ಅಲ್ಲಿ ಕಾಕಾ ತಾಳವನ್ನು ಒಮ್ಮೆ ಎತ್ತಿ ಹಾಕುತ್ತಿದ್ದರು. ಪ್ಲೇಟಿನಲ್ಲಿ ಅಲ್ಲಿ ಏನೂ ಇರಲಿಲ್ಲ, ಬರೇ ಸೂಜಿಯ ಸರಸರ. ಅಲ್ಲಿಗೆ ಕಾಕಾನ ಮಗ್ಗ ನಿಂತಿತು.

ಹಾಡು ಮುಂದುವರಿದು ಮುಗಿಯಿತು. ನಾನು ಸೂಜಿ ಎತ್ತಿದೆ. ಎಲ್ಲರೂ ಕಾಕಾನ ಬಾಗಿಲನ್ನೇ ನೋಡುತ್ತ ನಿಂತರು. ಬೇಸಗೆಯ ಬಿಸಿಲು ಏರಿತ್ತು. ಓಣಿಯಲ್ಲಿ ಒಂದು ಮಗ್ಗವೂ ಇಲ್ಲ, ಒಂದು ಮಾತೂ ಇಲ್ಲ.

ಅದೇ ಹೊತ್ತಿಗೆ ಶಂಕ್ರಣ್ಣ ಸೂಡಿಯಿಂದ ತಿರುಗಿ ಬಂದ. ಅಕ್ಕನ ಮನೆಯಲ್ಲಿ ಕುಳಿತಿರಲಾರದೆ, ಅಲ್ಲಿಯ ಹಳೆಯ ಹೊಂಡದ ಮೆಟ್ಟಿಲ ಮೇಲೆ ತುಸು ಹೊತ್ತು ಕಳೆದು, ಊಟವನ್ನೂ ಮಾಡದೆ ಎದ್ದು ಬಂದಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು. ಓಣಿಯ ಬಾಯಿಗೆ ಬಂದವನಿಗೆ ಮಗ್ಗದ ಸದ್ದು ಕೇಳಲಿಲ್ಲ. ಅಮಾವಾಸ್ಯೆಯಲ್ಲ. ಕಣ್ಣೆತ್ತಿ ನೋಡಿದರೆ ಜನವೆಲ್ಲ ಮಾನಪ್ಪ ಕಾಕಾನ ಮನೆಯ ಮುಂದೆ ಕೂಡಿ ಬಾಗಿಲನ್ನು ನೋಡುತ್ತ ನಿಂತಿದ್ದಾರೆ.

ನಮ್ಮ ಓಣಿಯಲ್ಲಿ ಹುಟ್ಟಿದ ಯಾವನೂ ಅದಕ್ಕೆ ಬೇರೆ ಅರ್ಥ ಮಾಡುತ್ತಿರಲಿಲ್ಲ.

ಅವನು ರುಮಾಲನ್ನು ತಲೆಯಿಂದ ಕಿತ್ತು ಓಡಿ ಬಂದ. "ಕಾಕಾ! ಕಾಕಾ, ನನ್ನ ಬಿಟ್ಟು ಹೋದ್ಯಾ! ಒಂದ ಮಾತು ಹೇಳದ ಹೋದ್ಯಲ್ಲೋ ನನ್ನಪ್ಪಾ!" ಎಂದು ಎದೆ ಬಡಿದುಕೊಂಡ. ಕೂಡಿದವರು ಗಾಬರಿಯಾಗಿ ದಾರಿ ಬಿಟ್ಟರು. ಯಾರು ಸತ್ತರೆಂದು ತಿಳಿಯದೆ ಇಬ್ಬರು ಹೆಂಗಸರು ಅಳಲಿಕ್ಕೂ ಶುರುಮಾಡಿದರು. ಆ ಗಡಿಬಿಡಿಯಲ್ಲಿ ನನ್ನ ಕೈ ತಪ್ಪಿ ಸೂಜಿ ಪ್ಲೇಟಿನ ಮೇಲೆ ಬಿದ್ದಿತು. ಪೆಟ್ಟಿಗೆಯೊಳಗಿನ ಶಂಕ್ರಣ್ಣ ಹುರುಪಿನಿಂದ ಹಾಡತೊಡಗಿದ. ಹೊರಗಿನ ಶಂಕ್ರಣ್ಣ ಹೊಸ್ತಿಲ ಮೇಲೆ ತಲೆಯಿಟ್ಟು ಅಳುತ್ತಿದ್ದ.

ಆಗ ಬಾಗಿಲಲ್ಲಿ ಮಾನಪ್ಪ ಕಾಕಾ ಕಾಣಿಸಿಕೊಂಡರು. ಅಂಗೈಗೆ ಅಂಟಿದ ನೂಲಿನ ಗಂಜಿಯನ್ನು ಒರೆಸಿಕೊಳ್ಳುತ್ತ ಮೊದಲು ಪೆಟ್ಟಿಗೆಯನ್ನು ನೋಡಿದರು, ಆಮೇಲೆ ಕಾಲ ಬುಡದಲ್ಲಿ ಬಿದ್ದವನನ್ನು ನೋಡಿದರು.

"ಅಲ್ಲೊಬ್ಬ ಹಾಡಾಕತ್ತಾನ, ಇಲ್ಲೊಬ್ಬ ಅಳಾಕತ್ತಾನ. ಇವರಾಗ ನಮ್ಮಾವ ಯಾವನಲೇ?"

ಶಂಕ್ರಣ್ಣ ತಲೆಯೆತ್ತಿದ. ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಓಣಿಯೆಲ್ಲ ನಕ್ಕಿತು. ಅಳುತ್ತಿದ್ದ ಹೆಂಗಸರು ಎಲ್ಲರಿಗಿಂತ ಹೆಚ್ಚು ನಕ್ಕರು. ನಾನು ಸೂಜಿ ಎತ್ತಿದೆ.

"ಹೆಂಗ ಐತಿ ಕಾಕಾ?" ಎಂದು ಶಂಕ್ರಣ್ಣ ಕೇಳಿದ. ಆ ದನಿಯಲ್ಲಿ ಕೇಳಬೇಕಾದದ್ದೆಲ್ಲವೂ ಇದ್ದಿತು.

ಕಾಕಾ ಉಳಿದ ಗಂಜಿಯನ್ನು ಧೋತರಕ್ಕೆ ಒರೆಸಿಕೊಂಡರು. ನಂತರ, "ಅಳೂದು ಚಲೋ ಐತಿ. ತಾಳಕ್ಕ ಬಿದ್ದೈತಿ," ಎಂದರು. "ಹಾಡಿಗೆ ಮಾತ್ರ ಎಲ್ಲೋ ಮೋಟಾರು ತಪ್ಪೂ ಅವಸರ ಐತಿ." ಹಾಗೆಂದು ಒಳಗೆ ಹೋದರು. ಒಳ್ಳೆಯದೆಂದರೋ, ಕೆಟ್ಟದೆಂದರೋ, ಸೋಮವಾರ ಬರುತ್ತಾರೋ ಇಲ್ಲವೋ ಒಂದೂ ಗೊತ್ತಾಗಲಿಲ್ಲ. ಮಗ್ಗಗಳು ಮತ್ತೆ ಶುರುವಾದವು. ಶಂಕ್ರಣ್ಣ ರುಮಾಲನ್ನು ಕೊಡವಿ, ಸುತ್ತಿಕೊಳ್ಳದೆ ಬಗಲಲ್ಲಿ ಹಿಡಿದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ರೋಣದ ಮೋಟಾರು ಹಿಡಿಯಲು ನಾನು ಪೆಟ್ಟಿಗೆ ಹೊತ್ತುಕೊಂಡು ಹೊರಬಿದ್ದಾಗ ಓಣಿಯಲ್ಲಿ ಕಾಕಾನ ಮಗ್ಗವೊಂದೇ ನಡೆದಿತ್ತು. ದಾಟಿ ಹೋಗುತ್ತಿದ್ದವನು ನಿಂತುಬಿಟ್ಟೆ. ಸಂಗೀತದಲ್ಲಿ ನನಗೆ ಗತಿಯಿಲ್ಲವೆಂದು ಮೊದಲೇ ಅರಿಕೆ ಮಾಡಿದ್ದೇನೆ. ಆದರೆ ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಮಗ್ಗದ ಪೆಟ್ಟು ತಿಳಿಯದೆ ಇರುವುದಿಲ್ಲ. ಅದು ದಿನದ ಪೆಟ್ಟಾಗಿರಲಿಲ್ಲ. ಲಾಳಿ ಹೋಗಿ ಬರುವುದು, ಹಲಗೆ ಬೀಳುವುದು, ನಡುವೆ ತುಸು ತಡೆದು ಮತ್ತೆ ಬೀಳುವುದು: ಅದು ಶಂಕ್ರಣ್ಣನ ಹೊಸ ಪದ. ಹಿಂದಿನ ದಿನ ಕಾಕಾ ಯಾವುದಕ್ಕೆ ಮಗ್ಗ ನಿಲ್ಲಿಸಿರಲಿಲ್ಲವೋ ಅದೇ ಪದ. ಆದರೆ ಪ್ಲೇಟಿನಲ್ಲಿದ್ದ ಓಟ ಇರಲಿಲ್ಲ. ಅದನ್ನು ಬಿಚ್ಚಿ, ಸಡಿಲಿಸಿ, ಮುದುಕನೊಬ್ಬನು ಹೊಲದ ಬದುವಿನಲ್ಲಿ ನಡೆಯುವ ನಡೆಗೆ ತಂದಿದ್ದರು. ಒಂದೊಂದು ನುಡಿಯ ಹಿಂದೆಯೂ ಗಂಗವ್ವ ಕೇಳಿದ್ದ ಜಾಗವಿತ್ತು.

ಎದುರು ಸಾಲಿನಲ್ಲಿ ಶಂಕ್ರಣ್ಣನ ಮನೆ. ಅವನು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತವನು ಬೇವಿನಕಡ್ಡಿಯನ್ನು ಬಾಯಲ್ಲೇ ಮರೆತಿದ್ದ. ನನ್ನನ್ನು ನೋಡಿದ. ಒಳಗೆ ಹೋದ. ನಾನು ಓಣಿಯ ಬಾಯಿ ಮುಟ್ಟುವುದರೊಳಗೆ ಎರಡನೆಯ ಮಗ್ಗ ದನಿಗೂಡಿಸಿತು. ಮೊದಲು ಒಂದು ಪೆಟ್ಟು ಮುಂದೆ ಹೋಯಿತು. ಆಮೇಲೆ ತಡೆದು, ಹಿಂದಿನದಕ್ಕೆ ಕಾಯ್ದು, ಜೊತೆಗೂಡಿತು. ನಾನು ಮೋಟಾರು ತಪ್ಪಿಸಿಕೊಂಡೆ. ಕಚೇರಿಗೆ ತಡವಾಗಿ ಹೋದದ್ದಕ್ಕೆ ಕಾರಣವನ್ನು "ವಾಹನ ಸೌಕರ್ಯದ ಅಭಾವ" ಎಂದು ಬರೆದುಕೊಟ್ಟೆ.

ಸೋಮವಾರ ಸಂಜೆ ಕಾಕಾನ ಮನೆಯ ಗೂಟದ ಮೇಲೆ ತಾಳ ಇರಲಿಲ್ಲವೆಂದು ಊರಿನಿಂದ ಸುದ್ದಿ ಬಂದಿತು.

ಇಷ್ಟರಿಂದ ಎಲ್ಲರೂ ಸಂತುಷ್ಟರಾದರೆಂದು ಬರೆದರೆ ಅದು ಸುಳ್ಳು ವರದಿಯಾದೀತು. ನನ್ನ ಮಾವನವರು ಸೀರೆ ಖರೀದಿಗೆ ಗಜೇಂದ್ರಗಡಕ್ಕೆ ಹೋದವರು ಒಂದು ಸೋಮವಾರ ಗುಡಿಯಲ್ಲಿ ಕುಳಿತು ಬಂದರು. ತಿರುಗಿ ಹೋಗುವಾಗ ನಮ್ಮಲ್ಲಿ ಇಳಿದು, ಬಹಳ ಬೇಸರದಿಂದ, "ಅಳಿಯಂದ್ರ, ಪ್ಲೇಟಿನ್ಯಾಗ ಇದ್ದಂಗ ಹಾಡಲೇ ಇಲ್ರಿ! ಕ್ಲಾರಿನೆಟ್ಟಿಲ್ಲ, ಏನಿಲ್ಲ. ಆ ಮುದುಕ ತಾಳ ಹಿಡಕೊಂಡ್ರ ಬಿಡವಲ್ಲ. ಒಂದ ಪದಾ ಎಷ್ಟೊತ್ತು ಅಂತೀರಿ!" ಎಂದರು.

"ಮತ್ತ ನಡುವ ಎದ್ದು ಬರಬೇಕಿಲ್ಲೋ ಅಪ್ಪಾ," ಎಂದಳು ನೀಲವ್ವ.

"ಹ್ಯಾಂಗ ಏಳೂದವ್ವಾ? ಎಲ್ಲಾರೂ ದನಿ ಹಾಕಾಕತ್ತಿದ್ರು. ನಾನೂ ಹಾಕಾಕತ್ತಿದ್ದೆ."

ಅವರ ಅಂಗಡಿಯಲ್ಲಿ ಈಗಲೂ ಪ್ಲೇಟೇ ಶ್ರೇಷ್ಠ. ನಮ್ಮ ಓಣಿಯಲ್ಲಿ ಪ್ಲೇಟು ಶಂಕ್ರಣ್ಣನ ಮನೆಯ ಗೋಡೆಯ ಮಾಡದಲ್ಲಿ ಸೀರೆಯ ತುಂಡು ಹೊದ್ದು ಮಲಗಿದೆ. ಹೊಸ ಹಾಡು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರಿ ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ. ಒಂದು ಸಂಗತಿ ಮಾತ್ರ ನನ್ನ ಗಮನಕ್ಕೆ ಬಂದಿದೆ. ಹಾಡು ಹಿಡಿಸಿತೆಂದು ಬಾಯಿ ಹೇಳುವುದು ಕೊನೆಗೆ. ಅದಕ್ಕೂ ಮೊದಲೇ ಕೈ ಅದನ್ನು ತನ್ನ ಕೆಲಸಕ್ಕೆ ತೆಗೆದುಕೊಂಡಿರುತ್ತದೆ. ತೆಗೆದುಕೊಳ್ಳುವಾಗ ತನ್ನ ಅಳತೆಗೆ ತುಸು ಹಿಗ್ಗಿಸಿಯೋ ಕುಗ್ಗಿಸಿಯೋ ತೆಗೆದುಕೊಳ್ಳುತ್ತದೆ. ಅದನ್ನು ಹಾಡು ಕಟ್ಟಿದವನು ಸೈರಿಸಬೇಕಾಗುತ್ತದೆ.

ಕಳೆದ ವಾರ ಕಚೇರಿಯಲ್ಲಿ ಟಪಾಲಿನ ರಾಶಿಗೆ ಸಿಕ್ಕಾ ಹೊಡೆಯುತ್ತಿದ್ದೆ. ಮಸಿಯ ಮೇಲೊಂದು ಪೆಟ್ಟು, ಲಕೋಟೆಯ ಮೇಲೊಂದು ಪೆಟ್ಟು, ತುಸು ತಡೆದು ಮತ್ತೊಂದು. ಅದು ಕಾಕಾನ ಮಗ್ಗದ ನಡೆ. ನನಗೆ ಅರಿವಿಲ್ಲದೆ ಕೈಗೆ ಬಂದಿತ್ತು. ಎದುರಿನ ಮೇಜಿನಿಂದ ರಾಯರು ತಲೆಯೆತ್ತಿದರು.

"ಏನ್ರಿ ಅದು, ನಿಮ್ಮ ಅಣ್ಣನ ತಾರಿನ ಹಾಡಲ್ಲೇನು?"

"ಅಲ್ರಿ ರಾಯರ, ಟಪಾಲು," ಎಂದೆ.

"ನನಗ ಅದು ಸೇರೂದಿಲ್ಲಂತ ಹೇಳೀನಲ್ಲಾ," ಎಂದು ಅವರು ಮತ್ತೆ ಕಾಗದದ ಮೇಲೆ ಬಾಗಿದರು.

ನಾನು ಕೈ ತಡೆದೆ. ಕಚೇರಿ ನಿಶ್ಶಬ್ದವಾಯಿತು. ಪೂರ್ತಿಯಾಗಿ ಆಗಲಿಲ್ಲ. ಮೇಜಿನ ಕೆಳಗೆ ರಾಯರ ಚಪ್ಪಲಿ, ನಾನು ಬಿಟ್ಟ ಜಾಗದಿಂದ ಮುಂದಕ್ಕೆ, ಒಂದು ಪೆಟ್ಟೂ ತಪ್ಪದೆ ನೆಲವನ್ನು ಬಡಿಯುತ್ತಿತ್ತು. ಹಿರಿಯ ಅಧಿಕಾರಿಗಳ ಪಾದದ ಮೇಲೆ ಷರಾ ಬರೆಯುವುದು ನನ್ನ ಕಕ್ಷೆಗೆ ಬಾರದ ವಿಷಯವಾದುದರಿಂದ ಸುಮ್ಮನೆ ಮುಂದಿನ ಲಕೋಟೆಯನ್ನು ಎತ್ತಿಕೊಂಡು, ಅವರ ಕಾಲಿಗೆ ಕಾಯ್ದು, ಸಿಕ್ಕಾ ಒತ್ತಿದೆ.